ತಂತಿಯಿಲ್ಲದ ಸುದ್ದಿ

ನಡುರಾತ್ರಿ ದಾಟಿದೆ. ಮಂಚದ ಪಕ್ಕದ ಗಾಜಿನ ಶೀಸೆಯೊಳಗೆ ಹನಿ ಬೀಳುವುದನ್ನು ನೋಡುತ್ತ ನಿಂತಿದ್ದೀರಿ. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರ, ವಿಶ್ವವಿದ್ಯಾಲಯದ ಆಸ್ಪತ್ರೆಯ ಸರ್ಜರಿ ವಾರ್ಡು. 1950ರ ದಶಕದ ಮೊದಲ ವರ್ಷಗಳು. ಹಾಸಿಗೆಯಲ್ಲಿ ಮಲಗಿರುವ ಹೆಂಗಸಿಗೆ ಮೂವತ್ತಾರು ವರ್ಷ. ಮೂಗಿನಿಂದ ಇಳಿಸಿದ ರಬ್ಬರ್ ನಳಿಗೆ ಜಠರದ ತಳ ಮುಟ್ಟಿದೆ. ಅಲ್ಲಿ ಒಸರಿದ್ದೆಲ್ಲ ನಳಿಗೆಯಲ್ಲಿ ಇಳಿದು ಶೀಸೆ ಸೇರುತ್ತಿದೆ.

ಆ ಕಾಲದ ಪರೀಕ್ಷೆ ಇದು. ಸಂಜೆಯಿಂದ ಬೆಳಗಿನವರೆಗೆ ಹನ್ನೆರಡು ತಾಸು ಏನೂ ತಿನ್ನಿಸದೆ ಜಠರದ ರಸ ಹಿಡಿದಿಟ್ಟು ಅಳೆಯುವುದು. ಆರೋಗ್ಯವಂತರಲ್ಲಿ ಸುಮಾರು ಅರ್ಧ ಲೀಟರು ತುಂಬುತ್ತದೆ. ಇಂಥ ಕಾಯಿಲೆಯವರಲ್ಲಿ ಒಂದು ಲೀಟರು ದಾಟುತ್ತದೆ, ಕೆಲವರಲ್ಲಿ ಎರಡನ್ನೂ. ಈಕೆ ತಿಂದದ್ದು ಏನೂ ಇಲ್ಲ, ಊಟದ ವಾಸನೆಯೂ ಈ ಕೋಣೆಗೆ ಸುಳಿದಿಲ್ಲ. ಆದರೂ ಒಳಗೆ ಜಠರ ನೂರೆಲೆ ಹಾಕಿದ ಮದುವೆಮನೆಯ ಅಡುಗೆಕೋಣೆಯ ಹಾಗೆ ಗಡಿಬಿಡಿಯಲ್ಲಿದೆ. ಶೀಸೆಯ ಬಾಯಿಗೆ ಮೂಗು ಹಿಡಿದರೆ ಹುಳಿ ಗಂಟಲಿಗೆ ಬಡಿಯುತ್ತದೆ.

ಹೊಟ್ಟೆಹುಣ್ಣು ಸಾಮಾನ್ಯವಾಗಿ ಜಠರದಲ್ಲೋ, ಅದರಾಚೆಗಿನ ಕರುಳಿನ ಮೊದಲ ಗೇಣಿನಲ್ಲೋ ಆಗುತ್ತದೆ. ಅಲ್ಲಿಂದ ಮುಂದಕ್ಕೆ, ಜೆಜುನಂ ಎನ್ನುವ ಸಣ್ಣಕರುಳಿನ ಭಾಗಕ್ಕೆ ತಲುಪುವ ಹೊತ್ತಿಗೆ ಆಮ್ಲದ ಸೊಕ್ಕು ಅಡಗಿರುತ್ತದೆ. ಈಕೆಯ ಹುಣ್ಣು ಆಗಿರುವುದೇ ಅಲ್ಲಿ. ಔಷಧಿ ಕೊಟ್ಟಿದ್ದಾರೆ, ಮತ್ತೆ ಮತ್ತೆ ಕತ್ತರಿ ಹಾಕಿದ್ದಾರೆ, ಕ್ಷಕಿರಣದಿಂದಲೂ ಜಠರವನ್ನು ಸುಮ್ಮನಾಗಿಸಲು ನೋಡಿದ್ದಾರೆ. ಒಂದಷ್ಟು ದಿನ ಕಳೆಯುತ್ತದೆ, ಮತ್ತೆ ಹುಣ್ಣು, ಮತ್ತೆ ರಕ್ತ. ಸರ್ಜನ್ ರಾಬರ್ಟ್ ಜೊಲಿಂಜರ್ ಅವರ ಬಳಿ ಹೀಗೇ ಹತ್ತೊಂಬತ್ತರ ಇನ್ನೊಬ್ಬ ಹುಡುಗಿಯೂ ಇದ್ದಾಳೆ. ಅವರಿಗೂ ಸಹೋದ್ಯೋಗಿ ಎಡ್ವಿನ್ ಎಲಿಸನ್ ಅವರಿಗೂ ಕಾಡುತ್ತಿರುವ ಪ್ರಶ್ನೆ ಒಂದೇ. ಜಠರಕ್ಕೆ ಹಗಲಿರುಳು “ಸುರಿ, ಸುರಿ” ಎಂದು ಹೇಳುತ್ತಿರುವವರು ಯಾರು?

ನರ ಅಲ್ಲ ಎಂಬುದಂತೂ ಅನುಭವದಿಂದ ಗೊತ್ತಾಗಿದೆ. ನರ ಕತ್ತರಿಸಿದರೂ ಇಂಥ ಜಠರ ನಿಲ್ಲುವುದಿಲ್ಲ.

ಶೀಸೆ ತುಂಬುತ್ತಿರಲಿ. ಅದರ ಪ್ರಶ್ನೆಗೆ ಉತ್ತರದ ಅರ್ಧಭಾಗ ಅರ್ಧ ಶತಮಾನದ ಹಿಂದೆಯೇ ಲಂಡನ್ನಿನಲ್ಲಿ ಸಿಕ್ಕಿತ್ತು. ಅಲ್ಲಿಗೆ ಹೋಗಿ ಬರೋಣ.

1902ರ ಜನವರಿ 16, ಯೂನಿವರ್ಸಿಟಿ ಕಾಲೇಜು. ಮೇಜಿನ ಮೇಲೆ ಅರಿವಳಿಕೆ ಕೊಟ್ಟು ಮಲಗಿಸಿದ ನಾಯಿ. ಅದರ ಎರಡು ಪಕ್ಕದಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್. ಸ್ಟಾರ್ಲಿಂಗರ ಅಕ್ಕತಂಗಿಯರಲ್ಲೊಬ್ಬರನ್ನು ಬೇಲಿಸ್ ಮದುವೆಯಾಗಿದ್ದಾರೆ, ಹೀಗಾಗಿ ಇವರು ಭಾವಮೈದುನರು. ಜೆಜುನಂನ ಒಂದು ಸುತ್ತನ್ನು ಎರಡೂ ಕಡೆ ಕಟ್ಟಿ, ಅದಕ್ಕೆ ಬರುವ ನರಗಳನ್ನೆಲ್ಲ ಕತ್ತರಿಸಿದ್ದಾರೆ. ರಕ್ತನಾಳಗಳನ್ನಷ್ಟೇ ಉಳಿಸಿದ್ದಾರೆ. ಆ ಕರುಳಿನೊಳಗೆ ಈಗ ದುರ್ಬಲ ಆಮ್ಲ ಬಿಡುತ್ತಾರೆ. ದೂರದಲ್ಲಿರುವ ಮೇದೋಜೀರಕ ಗ್ರಂಥಿಯ ನಾಳಕ್ಕೆ ಸಣ್ಣ ಕೊಳವೆ ಸಿಕ್ಕಿಸಿದೆ. ನೀವು ಆ ಕೊಳವೆಯ ತುದಿಯನ್ನೇ ನೋಡುತ್ತಿರಿ.

ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಹನಿ. ಇನ್ನೊಂದು. ಹನಿಗಳು ಸಾಲುಗಟ್ಟಿ ಬೀಳತೊಡಗುತ್ತವೆ.

ನರವೇ ಇಲ್ಲದ ಕರುಳಿನಿಂದ ಗ್ರಂಥಿಗೆ ಸುದ್ದಿ ಮುಟ್ಟಿದ್ದು ಹೇಗೆ? ಸ್ಟಾರ್ಲಿಂಗ್ ಕಾಯುವುದಿಲ್ಲ. ಕರುಳಿನ ಒಳಪೊರೆ ಕೆರೆದು, ಮರಳಿನ ಜೊತೆ ಆಮ್ಲದಲ್ಲಿ ಅರೆದು, ಸೋಸಿ, ಆ ದ್ರವವನ್ನು ನಾಯಿಯ ಕತ್ತಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಹನಿಗಳು ಮತ್ತೆ ಬೀಳುತ್ತವೆ, ಮೊದಲಿಗಿಂತ ಜೋರಾಗಿ. ಸುದ್ದಿ ಹೋಗಿದ್ದು ರಕ್ತದಲ್ಲಿ ಕರಗಿಕೊಂಡು. ಆ ಪದಾರ್ಥಕ್ಕೆ ಸಿಕ್ರಿಟಿನ್ ಎಂದು ಹೆಸರಿಟ್ಟರು. ಮಾರ್ಕೋನಿ ತಂತಿಯಿಲ್ಲದೆ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದ್ದು ಇದಕ್ಕೆ ಒಂದು ತಿಂಗಳ ಹಿಂದಷ್ಟೇ, 1901ರ ಡಿಸೆಂಬರಿನಲ್ಲಿ. ನಮ್ಮ ಕರುಳು ಯಾವ ಕಾಲದಿಂದಲೋ ಮಾಡಿಕೊಂಡು ಬಂದ ಕೆಲಸ ಎರಡು ಕಡೆಯೂ ಒಂದೇ ಚಳಿಗಾಲದಲ್ಲಿ ಬೆಳಕಿಗೆ ಬಂತು ಎನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನಿಸುವ ಸಂಗತಿ.

ಅದೇ ಲಂಡನ್ನಿನಲ್ಲಿ ಇನ್ನು ಮೂರು ವರ್ಷ ಮುಂದಕ್ಕೆ ಬನ್ನಿ. 1905ರ ಮೇ. ಈ ಸಲ ಮೇಜಿನ ಮೇಲೆ ಬೆಕ್ಕು, ಪಕ್ಕದಲ್ಲಿ ಜಾನ್ ಸಿಡ್ನಿ ಎಡ್ಕಿನ್ಸ್. ಕರುಳಿನ ಪೊರೆ ಗ್ರಂಥಿಗೆ ಸುದ್ದಿ ಕಳಿಸುವುದಾದರೆ ಜಠರ ತನಗೆ ತಾನೇ ಯಾಕೆ ಕಳಿಸಿಕೊಳ್ಳಬಾರದು ಎಂದು ಅವರ ಯೋಚನೆ. ಜಠರದ ಕೆಳತುದಿ, ಅಂದರೆ ಕರುಳಿಗೆ ಬಾಗಿಲಿರುವ ಕಡೆಯ ಪೊರೆಯನ್ನು ಕುದಿಸಿ ಸಾರ ತೆಗೆದು ರಕ್ತಕ್ಕೆ ಕೊಡುತ್ತಾರೆ. ಜಠರ ಆಮ್ಲ ಸುರಿಸುತ್ತದೆ. ಮೇಲ್ಭಾಗದ ಪೊರೆಯ ಸಾರ ಕೊಟ್ಟರೆ ಸುಮ್ಮನಿರುತ್ತದೆ. ಈ ಸುದ್ದಿಗೆ ಅವರು ಇಟ್ಟ ಹೆಸರು ಗ್ಯಾಸ್ಟ್ರಿನ್. ಹಾರ್ಮೋನ್ ಎನ್ನುವ ಪದವನ್ನು ಸ್ಟಾರ್ಲಿಂಗ್ ತಮ್ಮ ಉಪನ್ಯಾಸದಲ್ಲಿ ಬಳಸಿದ್ದು ಮರುತಿಂಗಳು, ಜೂನ್‌ನಲ್ಲಿ. ಕುಲದ ಹೆಸರು ಬರುವ ಮೊದಲೇ ಗ್ಯಾಸ್ಟ್ರಿನ್ ಹುಟ್ಟಿತ್ತು.

ಎಡ್ಕಿನ್ಸ್ ಅವರನ್ನು ಯಾರೂ ನಂಬಲಿಲ್ಲ ಎಂದರೆ ಹೆಚ್ಚಾಗುವುದಿಲ್ಲ. ಹಿಸ್ಟಮಿನ್ ಎಂಬ ಇನ್ನೊಂದು ಪದಾರ್ಥ ದೇಹದ ಎಲ್ಲ ಭಾಗದಲ್ಲೂ ಇದೆ, ಅದೂ ಆಮ್ಲ ಸುರಿಸುತ್ತದೆ. ಎಡ್ಕಿನ್ಸ್ ಕಂಡದ್ದು ಹಿಸ್ಟಮಿನ್ನನ್ನೇ ಇರಬೇಕು, ಗ್ಯಾಸ್ಟ್ರಿನ್ ಎಂಬುದೇ ಇಲ್ಲ ಎಂದು ಪಂಡಿತರು ತೀರ್ಮಾನಿಸಿಬಿಟ್ಟರು. 1938ರಲ್ಲಿ ಕೊಮರೊವ್ ಎನ್ನುವವರು ಹಿಸ್ಟಮಿನ್ ಇಲ್ಲದ ಸಾರ ತೆಗೆದು ಅದೂ ಕೆಲಸ ಮಾಡುವುದನ್ನು ತೋರಿಸಿದರು. ಎಡ್ಕಿನ್ಸ್ ತೀರಿಕೊಂಡಿದ್ದು 1940ರಲ್ಲಿ. ನಡುವೆ, 1920ರ ದಶಕದಲ್ಲಿ, ಅವರು ಬೆಕ್ಕಿನ ಜಠರದೊಳಗಿನ ತಿರುಪಿನಾಕಾರದ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದಿದ್ದರು. ಅದನ್ನೂ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಮನುಷ್ಯನ ಜಠರದಲ್ಲಿರುವ ಅಂಥದೇ ಒಂದು ಜೀವಿ, ಹೆಲಿಕೊಬ್ಯಾಕ್ಟರ್ ಪೈಲೊರಿ, ಗ್ಯಾಸ್ಟ್ರಿನ್ ಮಟ್ಟ ಏರಿಸುತ್ತದೆ. ಅದು ಜಠರದ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲಿ ಘೋಷಿಸಿತು. ಒಬ್ಬನೇ ಮನುಷ್ಯ ಎರಡು ಬಾಗಿಲನ್ನೂ ತಟ್ಟಿದ್ದ.

ಈಗ ಫಿಲಡೆಲ್ಫಿಯಾ, 1955ರ ಏಪ್ರಿಲ್. ಅಮೆರಿಕದ ಸರ್ಜನ್ನರ ಸಂಘದ ಸಭೆ. ಜೊಲಿಂಜರ್ ವೇದಿಕೆಯ ಮೇಲೆ ಇದ್ದಾರೆ. ಮೂವತ್ತಾರರ ಆ ಹೆಂಗಸು, ಹತ್ತೊಂಬತ್ತರ ಆ ಹುಡುಗಿ, ಶೀಸೆಗಟ್ಟಲೆ ಆಮ್ಲ, ಜೆಜುನಂನ ಹುಣ್ಣು, ಎಲ್ಲವನ್ನೂ ವಿವರಿಸುತ್ತಾರೆ. ಕೊನೆಗೆ ಹೇಳುವ ಮಾತಿಗೆ ನೀವು ಕುರ್ಚಿಯಲ್ಲಿ ಮುಂದಕ್ಕೆ ಸರಿಯುತ್ತೀರಿ. ಇಬ್ಬರ ಮೇದೋಜೀರಕದಲ್ಲೂ ಗಡ್ಡೆಗಳಿದ್ದವು. ಇನ್ಸುಲಿನ್ ತಯಾರಿಸುವ ಗಡ್ಡೆ ಆಗಲೇ ವೈದ್ಯರಿಗೆ ಪರಿಚಿತ, ಆದರೆ ಇವು ಇನ್ಸುಲಿನ್ ತಯಾರಿಸುತ್ತಿರಲಿಲ್ಲ. ಹುಣ್ಣು ಮಾಡುವ ಯಾವುದೋ ಪದಾರ್ಥವನ್ನು ಈ ಗಡ್ಡೆಗಳು ರಕ್ತಕ್ಕೆ ಬಿಡುತ್ತಿರಬಹುದು ಎಂದು ಅವರ ಊಹೆ.

ಇಷ್ಟು ವರ್ಷ ಕೇಳಿಸಿಕೊಂಡವನನ್ನು ಕತ್ತರಿಸುತ್ತಿದ್ದರು. ಕೂಗುತ್ತಿದ್ದವನು ಬೇರೆ ಕಡೆ ಕೂತಿದ್ದ.

ಆದರೂ ಆ ದಿನಗಳಲ್ಲಿ ಉಳಿದಿದ್ದ ಉಪಾಯ ಕೇಳುವವನನ್ನು ಪೂರ್ತಿ ಇಲ್ಲವಾಗಿಸುವುದು, ಅಂದರೆ ಇಡೀ ಜಠರವನ್ನೇ ತೆಗೆಯುವುದು. ಗಡ್ಡೆ ಕಣ್ಣಿಗೆ ಬೀಳದಷ್ಟು ಚಿಕ್ಕದಿರಬಹುದು, ಹಲವು ಕಡೆ ಇರಬಹುದು. ಕೂಗು ಕೇಳಿಸಿಕೊಳ್ಳುವ ಜಠರ ಚೂರು ಉಳಿದರೂ ಆಮ್ಲ ಕೊಲ್ಲುತ್ತಿತ್ತು. ಆಮ್ಲ ತಡೆಯುವ ಒಳ್ಳೆಯ ಮಾತ್ರೆಗಳು ಬಂದದ್ದು 1970ರ ದಶಕದಿಂದ ಈಚೆಗೆ. ಅಲ್ಲಿಯವರೆಗೆ ಜೀವ ಉಳಿಸಿಕೊಂಡವರು ಜಠರವಿಲ್ಲದೆ, ದಿನಕ್ಕೆ ಆರೇಳು ಸಲ ಒಂದೊಂದು ಹಿಡಿ ಉಂಡು ಬದುಕಿದರು. ಅವರ ಬಗ್ಗೆ ಓದುವಾಗಲೆಲ್ಲ ಈ ವಿದ್ಯೆ ಯಾರ ಹೊಟ್ಟೆಯ ಮೇಲೆ ನಿಂತಿದೆ ಎಂದು ನೆನಪಾಗುತ್ತದೆ.

ಲಿವರ್‌ಪೂಲಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ, ಮೂಗು ಮುಚ್ಚಿಕೊಂಡು ಇಣುಕಿದರೆ ಸಾಕು. ಕಸಾಯಿಖಾನೆಯಿಂದ ಬಂದ ನೂರಾರು ಹಂದಿ ಜಠರಗಳ ಕೆಳತುದಿಯ ಪೊರೆ ಸುಲಿದು ಕುದಿಸಿ ಸೋಸುತ್ತಿರುವವರು ರಾಡ್ರಿಕ್ ಗ್ರೆಗರಿ ಮತ್ತು ಹಿಲ್ಡಾ ಟ್ರೇಸಿ. 1960ರಲ್ಲಿ ಅವರು ಇಂಥದೇ ಒಬ್ಬ ರೋಗಿಯ ಗಡ್ಡೆಯಿಂದ ಗ್ಯಾಸ್ಟ್ರಿನ್ನಿನಂಥದೇ ಪದಾರ್ಥ ತೆಗೆದು ತೋರಿಸಿದರು. 1964ರಲ್ಲಿ ಹಂದಿಯ ಗ್ಯಾಸ್ಟ್ರಿನ್ನನ್ನು ಶುದ್ಧವಾಗಿ ಹಿಡಿದರು. ಅದು ಹದಿನೇಳು ಅಮೈನೋ ಆಮ್ಲಗಳ ಪುಟ್ಟ ಸರ. ಕೆಲಸ ಮಾಡುವುದು ಸರದ ಕೊನೆಯ ನಾಲ್ಕು ಮಣಿ. ಎಡ್ಕಿನ್ಸ್ ಅವರ ಮಾತು ಐವತ್ತೊಂಬತ್ತು ವರ್ಷಕ್ಕೆ ನಿಜವಾಯಿತು. ಕೊಲಂಬಸ್ಸಿನ ಶೀಸೆ ತುಂಬಿಸಿದಂಥ ಗಡ್ಡೆಗೆ ಈಗ ಗ್ಯಾಸ್ಟ್ರಿನೋಮಾ ಎಂಬ ಹೆಸರಿದೆ.

ಇನ್ನೊಂದು ಕಡೆಗೆ ಬನ್ನಿ, ಈ ಸಲ ಊರಿಲ್ಲ, ದೇಹದ ಒಳಗೆ. ಬಿಸಿ ಮುದ್ದೆ, ಉಪ್ಪುಸಾರು ಇಳಿದಿದೆ ಎಂದುಕೊಳ್ಳಿ. ಜಠರದ ಕೆಳತುದಿಯ ಗೋಡೆಯಲ್ಲಿ ಹರಡಿಕೊಂಡಿರುವ ಕೋಶಗಳು ಊಟದ ರುಚಿ ನೋಡಿ ಗ್ಯಾಸ್ಟ್ರಿನ್ ಬಿಡುತ್ತವೆ. ಅದು ರಕ್ತ ಹತ್ತಿ, ಈಲಿ ದಾಟಿ, ಹೃದಯ ಸುತ್ತಿ, ಮತ್ತೆ ಅದೇ ಜಠರದ ಮೇಲ್ಭಾಗಕ್ಕೆ ಬರುತ್ತದೆ. ಪಕ್ಕದ ಮನೆಗೆ ಹೇಳಬೇಕಾದ ಮಾತನ್ನು ಊರೆಲ್ಲ ಸುತ್ತಿ ಬಂದು ಹೇಳಿದ ಹಾಗೆ. ಮೇಲ್ಭಾಗದ ಕೋಶಗಳು ಹಿಸ್ಟಮಿನ್ ಬಿಡುತ್ತವೆ, ಹಿಸ್ಟಮಿನ್ ಆಮ್ಲದ ನಲ್ಲಿ ತಿರುಗಿಸುತ್ತದೆ. ಎಡ್ಕಿನ್ಸ್ ಅವರನ್ನು ಅಲ್ಲಗಳೆಯಲು ಎತ್ತಿದ ಹಿಸ್ಟಮಿನ್ ಗ್ಯಾಸ್ಟ್ರಿನ್ನಿನ ಕೈಯಾಳೇ ಆಗಿತ್ತು. ಆಮ್ಲ ಸಾಕಷ್ಟಾದಾಗ ಸೊಮಾಟೊಸ್ಟ್ಯಾಟಿನ್ ಎಂಬ ಇನ್ನೊಂದು ಹಾರ್ಮೋನ್ ಬಂದು “ಸಾಕು” ಎನ್ನುತ್ತದೆ, ಗ್ಯಾಸ್ಟ್ರಿನ್ ನಿಲ್ಲುತ್ತದೆ.

ಗ್ಯಾಸ್ಟ್ರಿನೋಮಾ ಈ “ಸಾಕು” ಎನ್ನುವ ಮಾತಿಗೆ ನಿಲ್ಲುವುದಿಲ್ಲ. ಗ್ಯಾಸ್ಟ್ರಿನ್ನಿಗೆ ಇನ್ನೂ ಒಂದು ಕೆಲಸವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಅದು ಆಮ್ಲವನ್ನಷ್ಟೇ ಅಲ್ಲ, ಕೋಶಗಳನ್ನೂ ಬೆಳೆಸುತ್ತದೆ. ಜಠರದ ಪೊರೆ ಸವೆದು ಆಮ್ಲವೇ ಬಾರದಂತಾದವರಲ್ಲಿ, ಬಿ-12 ಕೊರತೆಯಿಂದ ರಕ್ತಹೀನತೆ ಬಂದ ಕೆಲವರಲ್ಲಿ, ಗ್ಯಾಸ್ಟ್ರಿನ್ ಕೂಗಿ ಕೂಗಿ ಮಟ್ಟ ಏರಿರುತ್ತದೆ. ಉತ್ತರವಾಗಿ ಆಮ್ಲ ಬರುವುದಿಲ್ಲ, ಆದರೆ ಹಿಸ್ಟಮಿನ್ ಬಿಡುವ ಕೋಶಗಳು ಗುಂಪುಗಟ್ಟಿ ಬೆಳೆದು ಸಣ್ಣ ಸಣ್ಣ ಗಂಟಾಗುತ್ತವೆ. ಬಹುಪಾಲು ಇವು ಸೌಮ್ಯ, ಎಂಡೋಸ್ಕೋಪಿಯಲ್ಲೇ ತೆಗೆಯಬಹುದು. ಗ್ಯಾಸ್ಟ್ರಿನ್ ಅತಿಯಾಗಿ ತಯಾರಾಗುವಂತೆ ಮಾಡಿದ ಇಲಿಗಳಲ್ಲಿ ಜಠರದ ಕ್ಯಾನ್ಸರ್ ಬಂದದ್ದೂ ಇದೆ, ಹೆಲಿಕೊಬ್ಯಾಕ್ಟರ್ ಸೋಂಕು ಸೇರಿದರೆ ಇನ್ನೂ ಬೇಗ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಪ್ಯಾಂಟೊಪ್ರಜೋಲ್ ನೆನಪಾಗಿ ನಿಮ್ಮ ಕೈ ಹೊಟ್ಟೆಯ ಮೇಲೆ ಹೋಗಿರಬಹುದು. ಅದೂ ಗ್ಯಾಸ್ಟ್ರಿನ್ ಏರಿಸುತ್ತದೆ, ಆಮ್ಲ ಕಡಿಮೆಯಾದರೆ ಜಠರ ಜೋರಾಗಿ ಕೂಗುವುದು ಸಹಜ. ಅಷ್ಟರಿಂದಲೇ ಮನುಷ್ಯರಲ್ಲಿ ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿಲ್ಲ. ಹೆದರಿ ನೀವೇ ನಿಲ್ಲಿಸಬೇಡಿ. ವೈದ್ಯರು ಹೇಳದೆ ವರ್ಷಗಟ್ಟಲೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುತ್ತಲೂ ಇರಬೇಡಿ.

ಈಗ ಬೆಂಗಳೂರು, ಒಂದು ಆಸ್ಪತ್ರೆಯ ನೆಲಮಾಳಿಗೆ, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ. ದೊಡ್ಡಮ್ಮನನ್ನು ಕರೆತಂದಿದ್ದೀರಿ. ಅರಸೀಕೆರೆ ಕಡೆಯ ಜೀವ. ಐದು ವರ್ಷದಿಂದ ಎದೆಯುರಿ, ಹೊಟ್ಟೆನೋವು, ಜೊತೆಗೆ ನಿಲ್ಲದ ಭೇದಿ. ಮಾತ್ರೆ ನುಂಗಿದಾಗ ಭೇದಿಯೂ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಶುರು. ಆ ಸುಳಿವನ್ನು ಯಾರೂ ಹಿಡಿಯಲಿಲ್ಲ. ಅತಿಯಾದ ಆಮ್ಲ ಕರುಳಿಗೆ ನುಗ್ಗಿ ಜೀರ್ಣರಸಗಳನ್ನು ಕೆಡಿಸುವುದರಿಂದಲೇ ಆ ಭೇದಿ. “ಗ್ಯಾಸು ಕಣಮ್ಮ, ಖಾರ ಬಿಡಿ” ಎಂದವರು ಒಬ್ಬರಲ್ಲ. ಈ ಕಾಯಿಲೆ ಗುರುತಾಗಲು ಸರಾಸರಿ ಐದಾರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಅದು ಈಲಿಗೆ ಹರಡಿದರೆ ದಾರಿ ಕಿರಿದಾಗುತ್ತದೆ. ಗ್ಯಾಸ್ಟ್ರಿನೋಮಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹರಡುವ ಸ್ವಭಾವದವು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಇದು ಅಪರೂಪದ ಕಾಯಿಲೆ ನಿಜ, ಆದರೆ ಐದು ವರ್ಷದ ಭೇದಿಯನ್ನು ಒಮ್ಮೆಯಾದರೂ ಕುಳಿತು ಕೇಳುವುದು ಅಪರೂಪವಾಗಬೇಕಿಲ್ಲ.

ಕೊನೆಗೆ ಒಬ್ಬ ವೈದ್ಯೆ ಕೇಳಿಸಿಕೊಂಡರು. ತಮ್ಮ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ರಕ್ತದ ಗ್ಯಾಸ್ಟ್ರಿನ್ ನೋಡಿಸಿದರು. ನೂರರೊಳಗೆ ಇರಬೇಕಾದದ್ದು ಸಾವಿರ ದಾಟಿತ್ತು, ಜಠರದಲ್ಲಿ ಆಮ್ಲವೂ ತುಂಬಿತ್ತು. ಅನುಮಾನ ಉಳಿದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಬೇಲಿಸ್ ಮತ್ತು ಸ್ಟಾರ್ಲಿಂಗರ ಅದೇ ಸಿಕ್ರಿಟಿನ್ ಚುಚ್ಚಿದರೆ ಆರೋಗ್ಯವಂತರಲ್ಲಿ ಗ್ಯಾಸ್ಟ್ರಿನ್ ಏರುವುದಿಲ್ಲ, ಈ ಗಡ್ಡೆ ಇರುವವರಲ್ಲಿ ನಿಮಿಷಗಳಲ್ಲೇ ಜಿಗಿಯುತ್ತದೆ. ಒಂದು ಹಾರ್ಮೋನಿನ ದನಿಗೆ ಇನ್ನೊಂದು ಹಾರ್ಮೋನಿನ ಗಡ್ಡೆ ಬೆಚ್ಚಿ ಬಾಯಿಬಿಡುತ್ತದೆ.

ಗಡ್ಡೆ ಇದೆ ಎಂದು ಗೊತ್ತಾಯಿತು. ಎಲ್ಲಿದೆ?

ಸೀಸದ ಗೋಡೆಯ ಹಿಂದೆ ಸಣ್ಣದೊಂದು ಯಂತ್ರ. ಅದರಲ್ಲಿ ಜರ್ಮೇನಿಯಂ ಎನ್ನುವ ಧಾತು ನಿಧಾನವಾಗಿ ಕ್ಷಯಿಸಿ ಗ್ಯಾಲಿಯಂ-68 ಆಗುತ್ತಿರುತ್ತದೆ. ಅದನ್ನು ತೊಳೆದು ತೆಗೆಯುವುದಕ್ಕೆ ಈ ಕೆಲಸದವರು ಹಸು ಕರೆಯುವುದು ಎನ್ನುತ್ತಾರೆ. ಒಮ್ಮೆ ಕರೆದರೆ ಮತ್ತೆ ಕೆಚ್ಚಲು ತುಂಬಲು ಮೂರು ನಾಲ್ಕು ತಾಸು ಬೇಕು. ಗ್ಯಾಲಿಯಂ 68 ನಿಮಿಷಕ್ಕೆ ಅರ್ಧವಾಗುತ್ತದೆ, ಆದ್ದರಿಂದ ಇಲ್ಲಿ ಎಲ್ಲರ ನಡಿಗೆಯೂ ಚುರುಕು. ಅದನ್ನು ಸೊಮಾಟೊಸ್ಟ್ಯಾಟಿನ್ನಿನ ನಕಲಿಗೆ ಅಂಟಿಸುತ್ತಾರೆ. 1973ರಲ್ಲಿ ಕ್ಯಾಲಿಫೋರ್ನಿಯಾದ ರೋಜೆ ಗೀಯ್ಮ್ಯಾನರ ಪ್ರಯೋಗಾಲಯ ಪತ್ತೆ ಮಾಡಿದ, “ಸಾಕು” ಎನ್ನುವ ಅದೇ ಹಾರ್ಮೋನ್. ಗಡ್ಡೆ ಆ ಮಾತಿಗೆ ತಗ್ಗಲಿಲ್ಲ ನಿಜ, ಆದರೆ ಅದನ್ನು ಕೇಳುವ ಕಿವಿಗಳು ಅದರ ಮೈತುಂಬ ಇವೆ, ಮಾಮೂಲಿ ಕೋಶಗಳಿಗಿಂತ ಎಷ್ಟೋ ಪಾಲು ಹೆಚ್ಚಾಗಿ.

“ಅಮ್ಮ, ನೀರು ಚೆನ್ನಾಗಿ ಕುಡೀರಿ. ಬಾತ್‌ರೂಮ್ ಇಂಜೆಕ್ಷನ್ ಆದೋರಿಗೆ ಅಂತ ಬೇರೆ ಇದೆ, ಅಲ್ಲೇ ಹೋಗ್ಬೇಕು,” ಎನ್ನುತ್ತಾರೆ ನರ್ಸ್.

“ಇವನು ನನ್ ಜೊತೆ ಕೂತ್ಕೊಬೋದಾ?” ದೊಡ್ಡಮ್ಮ ನಿಮ್ಮ ಕಡೆ ತೋರಿಸುತ್ತಾರೆ.

“ಒಂದ್ ಗಂಟೆ ಆಚೆ ಇರ್ಲಿ ಅಮ್ಮ. ಆಮೇಲೆ ಸ್ಕ್ಯಾನು.”

ನೀವು ಕಾರಿಡಾರಿನಲ್ಲಿ ಕಾಯುತ್ತೀರಿ. ಅಲ್ಲಿ ಎಲ್ಲರ ಕೈಯಲ್ಲೂ ದಪ್ಪ ಫೈಲು, ಬಟ್ಟೆಚೀಲ, ನೀರಿನ ಬಾಟಲಿ. ಯಾರದೋ ಡಬ್ಬಿಯಿಂದ ಚಿತ್ರಾನ್ನದ ಪರಿಮಳ ಬರುತ್ತದೆ. ಹತ್ತಾರು ಜಠರಗಳಲ್ಲಿ ಆ ಕ್ಷಣ ಗ್ಯಾಸ್ಟ್ರಿನ್ ಹೊರಟಿರುತ್ತದೆ.

ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡಮ್ಮನ ದೇಹ ಬೂದು ನೆರಳಾಗಿ ನಿಂತಿದೆ. ಗುಲ್ಮ ಕಪ್ಪು, ಮೂತ್ರಪಿಂಡಗಳು ಕಪ್ಪು, ಮೂತ್ರಕೋಶ ಕಪ್ಪು. “ಇವೆಲ್ಲ ಇರೋ ಹಾಗೇ ಇರೋದು, ಗಾಬರಿ ಬೇಡ,” ಎನ್ನುತ್ತಾರೆ ವೈದ್ಯೆ. ಮೌಸಿನ ಬಾಣ ನಿಧಾನವಾಗಿ ಕರುಳಿನ ಮೊದಲ ತಿರುವಿನ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲೊಂದು ಚುಕ್ಕೆ, ಹುರುಳಿಕಾಳಿನಷ್ಟು. ಗ್ಯಾಸ್ಟ್ರಿನೋಮಾಗಳು ಹೆಚ್ಚಾಗಿ ಅವಿತಿರುವ ಜಾಗವೇ ಅದು, ಮೇದೋಜೀರಕಕ್ಕಿಂತಲೂ ಹೆಚ್ಚಾಗಿ ಇಲ್ಲಿ. ಬಾಣ ಮೇಲಕ್ಕೆ ಹೋಗುತ್ತದೆ. ಈಲಿಯಲ್ಲಿ ಇನ್ನೂ ಎರಡು, ಮೂರು, ನಾಲ್ಕು. ನಿಮ್ಮ ಬಾಯಿ ಒಣಗುತ್ತದೆ.

“ಡಾಕ್ಟ್ರೇ, ಹರಡಿದೆ ಅಂತಲಾ?”

“ಹರಡಿದೆ. ಆದ್ರೆ ಎಷ್ಟು ಕಪ್ಪಗೆ ಕಾಣ್ತಿದೆ ನೋಡಿ. ಕಪ್ಪಗೆ ಕಂಡಷ್ಟೂ ನಮ್ಮ ಔಷಧಿ ಅಲ್ಲಿಗೆ ಹೋಗಿ ಸೇರತ್ತೆ.”

ಗ್ಯಾಲಿಯಂ ಇದ್ದ ಜಾಗದಲ್ಲಿ ಲ್ಯುಟೀಶಿಯಂ-177 ಕೂರಿಸುವುದು, ಅಷ್ಟೇ ಬದಲಾವಣೆ. ಚಿತ್ರ ತೆಗೆದ ಅದೇ ಸುದ್ದಿ ಈಗ ಸುಡುವ ಕಿಡಿ ಹೊತ್ತು ಅದೇ ಕಿವಿಗಳನ್ನು ಹುಡುಕಿ ಹೋಗುತ್ತದೆ. ಆ ಕಿಡಿ ಹೋಗುವ ದೂರ ಹೆಚ್ಚೆಂದರೆ ಒಂದೆರಡು ಮಿಲಿಮೀಟರು. ಈ ಲ್ಯುಟೀಶಿಯಂ ನಮ್ಮಲ್ಲೇ, ಮುಂಬೈನ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲೂ ತಯಾರಾಗುತ್ತದೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಸಣ್ಣಕರುಳಿನ ಇದೇ ಜಾತಿಯ ಹಾರ್ಮೋನ್ ಗಡ್ಡೆಗಳು ಹರಡಿದ್ದ 229 ಜನರಿದ್ದರು. ಇಪ್ಪತ್ತು ತಿಂಗಳಾದಾಗ ಕಾಯಿಲೆ ಮುಂದುವರಿಯದೆ ನಿಂತವರ ಅಂದಾಜು ಪ್ರಮಾಣ ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 65, ಹಾರ್ಮೋನಿನ ನಕಲನ್ನಷ್ಟೇ ಹೆಚ್ಚು ಪ್ರಮಾಣದಲ್ಲಿ ಪಡೆದವರಲ್ಲಿ ನೂರಕ್ಕೆ 11. ಗುಣವಾಗುತ್ತದೆ ಎಂದು ವೈದ್ಯೆ ಹೇಳಲಿಲ್ಲ. ಕಾಲ ಸಿಗುತ್ತದೆ ಎಂದರು. ಸಾಮಾನ್ಯ ಜಠರದ ಕ್ಯಾನ್ಸರಿಗೆ ಈ ದಾರಿ ಇಲ್ಲ, ಅದಕ್ಕೆ ಇಷ್ಟು ಕಿವಿಗಳಿಲ್ಲ.

ಚಿಕಿತ್ಸೆಯ ದಿನ. ಮೊದಲು ಮೂತ್ರಪಿಂಡಗಳನ್ನು ಕಾಪಾಡಲು ಅಮೈನೋ ಆಮ್ಲದ ದೊಡ್ಡ ಬಾಟಲಿ, ಅದರಿಂದ ಸ್ವಲ್ಪ ಓಕರಿಕೆ. ಆಮೇಲೆ ಸೀಸದ ಡಬ್ಬಿಯೊಳಗಿಂದ ಬರುವ ಚಿಕ್ಕ ಶೀಸೆ. ಅರ್ಧ ತಾಸಿನಲ್ಲಿ ಅದು ರಕ್ತಕ್ಕೆ ಇಳಿಯುತ್ತದೆ. ನೀರಿನ ಹಾಗಿದೆ, ಬಣ್ಣವಿಲ್ಲ. ದೊಡ್ಡಮ್ಮ ಅದನ್ನೇ ನೋಡುತ್ತಾರೆ. “ಇಷ್ಟೇನಾ?” ಎಂಟು ವಾರಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಆಮ್ಲದ ಮಾತ್ರೆಯಂತೂ ನಿಲ್ಲಿಸುವ ಹಾಗಿಲ್ಲ.

ಊರಿಗೆ ಬಂದ ಮೇಲೂ ಒಂದಷ್ಟು ದಿನ ಮಕ್ಕಳನ್ನು ಹತ್ತಿರ ಸೇರಿಸಬಾರದು ಎಂದು ಹೇಳಿ ಕಳಿಸಿದ್ದಾರೆ. ಲ್ಯುಟೀಶಿಯಂ ಅರ್ಧವಾಗಲು ಆರೂವರೆ ದಿನ ಬೇಕು. ಸಂಜೆ ಜಗಲಿಯ ಒಂದು ತುದಿಯಲ್ಲಿ ದೊಡ್ಡಮ್ಮ, ಇನ್ನೊಂದು ತುದಿಯಲ್ಲಿ ನಾಲ್ಕು ವರ್ಷದ ಮೊಮ್ಮಗಳು. ನಡುವೆ ನೀವು, ಗೆರೆ ಕಾಯುವವರ ಹಾಗೆ. ಮಗುವಿಗೆ ತೊಡೆಯೇ ಬೇಕು.

“ಅಲ್ಲೇ ಕೂತ್ಕೊಂಡು ಕೇಳೇ ಪುಟ್ಟಿ,” ಎಂದು ದೊಡ್ಡಮ್ಮ ದನಿ ಎತ್ತರಿಸಿ ಕಥೆ ಶುರುಮಾಡುತ್ತಾರೆ. “ಒಂದೂರಲ್ಲಿ ಒಬ್ಬ ರಾಜ ಇದ್ದ...”

“ಹೂಂ,” ಎನ್ನುತ್ತದೆ ಮಗು ಆ ತುದಿಯಿಂದ.